ಕೆಂಪು ಗೆರೆಯ ಮೇಲೆ ಎಳೆದ ತಂತಿ

(ಪದವಿ ಕಾಲೇಜೊಂದರ ಗ್ರಂಥಾಲಯ ವಿಜ್ಞಾನ ವಿಭಾಗದಲ್ಲಿ ಕೊಟ್ಟ ಉಪನ್ಯಾಸವನ್ನು ಬರಹಕ್ಕಿಳಿಸಿದ್ದು. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ವಿವರಗಳನ್ನು ಇಲ್ಲಿ ಸೇರಿಸಿದ್ದೇನೆ.)

ಒಂದು ಲೆಕ್ಕದಿಂದ ಶುರು ಮಾಡುತ್ತೇನೆ. ಯಾರ ಮನೆಯಲ್ಲಿ ಕಂಪ್ಯೂಟರ್ ಇದೆ, ಯಾರ ಮನೆಗೆ ಇಂಟರ್ನೆಟ್ ಬಂದಿದೆ ಎಂದು ಅಮೆರಿಕದ ವಾಣಿಜ್ಯ ಇಲಾಖೆ 1995ರಿಂದ ವರದಿಗಳನ್ನು ಹೊರತರುತ್ತಾ ಬಂತು. 'ಡಿಜಿಟಲ್ ಡಿವೈಡ್' ಎಂಬ ಮಾತು ಪತ್ರಿಕೆಗಳ ಬಾಯಿಗೆ ಬಿದ್ದದ್ದು ಬಹುಮಟ್ಟಿಗೆ ಈ ವರದಿಗಳಿಂದಲೇ. ಉಳ್ಳವರ ಮನೆಯಲ್ಲಿ ಇದೆ, ಇಲ್ಲದವರ ಮನೆಯಲ್ಲಿ ಇಲ್ಲ ಅನ್ನುವುದಕ್ಕೆ ವರದಿಯೇನೂ ಬೇಕಾಗಿರಲಿಲ್ಲ. ಆದರೆ 1999ರ ವರದಿಯಲ್ಲಿ ಇನ್ನೊಂದು ಮಾತಿತ್ತು. ಕಡಿಮೆ ಆದಾಯದ ಬಿಳಿಯರ ಮನೆಯ ಮಗುವಿಗೆ ಇಂಟರ್ನೆಟ್ ಸಿಗುವ ಸಾಧ್ಯತೆ, ಅಂಥದೇ ಕಪ್ಪು ಕುಟುಂಬದ ಮಗುವಿಗಿಂತ ಮೂರು ಪಟ್ಟು ಹೆಚ್ಚು. ಹಿಸ್ಪಾನಿಕ್ (ಲ್ಯಾಟಿನ್ ಅಮೆರಿಕ ಮೂಲದ, ಲ್ಯಾಟಿನೊ ಎಂದೂ ಕರೆಯುವ) ಕುಟುಂಬದ ಮಗುವಿಗೆ ಹೋಲಿಸಿದರೆ ನಾಲ್ಕು ಪಟ್ಟು.

ಎರಡೂ ಕಡೆ ಬಡತನವೇ. ಕಂಪ್ಯೂಟರ್ ಅಂಗಡಿಯಲ್ಲಿ ಇಬ್ಬರಿಗೂ ಒಂದೇ ಬೆಲೆ. ಹಾಗಾದರೆ ಈ ಮೂರು ಪಟ್ಟು ಬಂದದ್ದು ಎಲ್ಲಿಂದ?

ಆಗ ಚಾಲ್ತಿಯಲ್ಲಿದ್ದ ಉತ್ತರ ಒಂದಿತ್ತು: 'ಅವರಿಗೆ ಅದರ ಬೆಲೆ ಗೊತ್ತಿಲ್ಲ, ಆಸಕ್ತಿ ಇಲ್ಲ.' ಈ ಉತ್ತರ ಕೇಳಿದರೆ ನನಗೆ ಮೈ ಉರಿಯುತ್ತದೆ. ಯಾಕೆಂದರೆ ಇದು ಊಹೆ ಮಾತ್ರವಲ್ಲ, ತಿರುಗುಮುರುಗಾದ ಊಹೆ. ರಾಜ್ಯಶಾಸ್ತ್ರದ ಸಂಶೋಧಕರಾದ ಕ್ಯಾರೆನ್ ಮಾಸ್‌ಬರ್ಗರ್, ಕ್ಯಾರೊಲಿನ್ ಟಾಲ್ಬರ್ಟ್ ಮತ್ತು ಅವರ ಸಂಗಡಿಗರು 2000ದ ದಶಕದಲ್ಲಿ ಸಮೀಕ್ಷೆಗಳನ್ನು ಮಾಡಿ, ಬಡ ಬಡಾವಣೆಗಳ ಜನರನ್ನೇ ವಿಶೇಷವಾಗಿ ಮಾತಾಡಿಸಿದರು. ಕೆಲಸ ಸಿಗಬೇಕಾದರೆ, ಕಾಲಕ್ಕೆ ತಕ್ಕಂತೆ ನಡೆಯಬೇಕಾದರೆ ಕಂಪ್ಯೂಟರ್ ಬೇಕೇಬೇಕು ಎಂಬ ನಂಬಿಕೆ ಅದೇ ಸ್ಥಿತಿಯ ಬಿಳಿಯರಿಗಿಂತ ಕಪ್ಪು ಜನರಲ್ಲೇ ಗಟ್ಟಿಯಾಗಿತ್ತು. ಆಸೆ ಹೆಚ್ಚು, ಸೌಲಭ್ಯ ಕಡಿಮೆ. ಈ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನಾಂಗದ ಜೊತೆಗೆ ಇನ್ನೊಂದನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು: ಆ ವ್ಯಕ್ತಿ ಇರುವ ಬಡಾವಣೆ ಎಷ್ಟು ಬಡದು? ಆಫ್ರಿಕನ್ ಅಮೆರಿಕನ್ನರ ವಿಷಯದಲ್ಲಿ ಅಂತರದ ದೊಡ್ಡ ಪಾಲು ಅಲ್ಲೇ ಅಡಗಿತ್ತು.

ಉಳ್ಳವರ ನಡುವೆ ಬಡವರಾಗಿರುವುದು ಬೇರೆ, ಬಡವರ ನಡುವೆಯೇ ಬಡವರಾಗಿರುವುದು ಬೇರೆ. ಅಮೆರಿಕದ ಬಡ ಬಿಳಿಯರು ಸಾಮಾನ್ಯವಾಗಿ ಚದುರಿಕೊಂಡಿದ್ದಾರೆ. ಅವರ ಬೀದಿಯಲ್ಲಿ ಶಿಕ್ಷಕಿಯೊಬ್ಬಳು, ವಿಮಾ ಏಜೆಂಟೊಬ್ಬ ಇರುತ್ತಾರೆ. ಅವರಿಗಾಗಿ ಎಳೆದ ತಂತಿ ಈ ಬಡವನ ಮನೆ ಮುಂದೆಯೂ ಹಾದುಹೋಗುತ್ತದೆ, ಅವರ ಮಕ್ಕಳು ಓದುವ ಶಾಲೆಯಲ್ಲೇ ಇವನ ಮಕ್ಕಳೂ ಓದುತ್ತಾರೆ. ನಗರದ ಬಡ ಕಪ್ಪು ಕುಟುಂಬದ ಅಕ್ಕಪಕ್ಕ, ಹಿಂದುಮುಂದು ಬಹುಪಾಲು ಬಡವರೇ. ಹೀಗಾದದ್ದು ತಾನಾಗಿ ಅಲ್ಲ.

1930ರ ದಶಕದ ಮಹಾ ಆರ್ಥಿಕ ಕುಸಿತದಲ್ಲಿ ಮನೆಸಾಲ ಕಟ್ಟಲಾಗದೆ ಜನ ಮನೆ ಕಳೆದುಕೊಳ್ಳುತ್ತಿದ್ದಾಗ ಸರ್ಕಾರ 1933ರಲ್ಲಿ 'ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್' ಎಂಬ ಸಂಸ್ಥೆ ಮಾಡಿತು. ಅದು 200ಕ್ಕೂ ಹೆಚ್ಚು ನಗರಗಳ ನಕಾಶೆ ತಯಾರಿಸಿ ಬಡಾವಣೆಗಳಿಗೆ ಬಣ್ಣ ಹಚ್ಚಿತು. ಹಸಿರು ಅತ್ಯುತ್ತಮ, ನೀಲಿ ಪರವಾಗಿಲ್ಲ, ಹಳದಿ ಇಳಿಮುಖ, ಕೆಂಪು ಅಪಾಯ. ಬಡಾವಣೆಯ ವಿವರ ಬರೆಯುವ ಅರ್ಜಿಯಲ್ಲಿ ಮನೆಗಳ ವಯಸ್ಸು, ಬಾಡಿಗೆ ಮುಂತಾದವುಗಳ ಜೊತೆ ಒಂದು ಕಾಲಂ ಇತ್ತು: ಇಲ್ಲಿ ನೀಗ್ರೋಗಳಿದ್ದಾರೆಯೇ, ಹೌದು ಅಥವಾ ಇಲ್ಲ. ಹೌದು ಎಂದಿದ್ದ ಕಡೆಗೆಲ್ಲ ಹೆಚ್ಚುಕಡಿಮೆ ಕೆಂಪು ಬಳಿದರು. ರೆಡ್‌ಲೈನಿಂಗ್ ಎಂಬ ಹೆಸರು ಬಂದದ್ದು ಈ ಬಣ್ಣದಿಂದ. ಎಲ್ಲ ಪಾಪವನ್ನೂ ಈ ನಕಾಶೆಗಳ ತಲೆಗೇ ಕಟ್ಟುವುದು ಸರಿಯಲ್ಲ ಎಂದು ಈಚಿನ ಇತಿಹಾಸಕಾರರು ವಾದಿಸುತ್ತಾರೆ, ನನಗೂ ಅದು ಒಪ್ಪಿಗೆ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ತನ್ನದೇ ನಿಯಮಗಳಿಂದ ಇದಕ್ಕಿಂತ ದೊಡ್ಡ ಹಾನಿ ಮಾಡಿತು. ಬ್ಯಾಂಕಿನ ಸಾಲಕ್ಕೆ ಅದರ ವಿಮೆ ಬೇಕು. ಕಪ್ಪು ಜನ ಇರುವ ಕಡೆ, ಅವರು ಬರಬಹುದಾದ ಕಡೆ, ಆ ವಿಮೆ ಸಿಗದು.

ಇದರ ಸಾಕ್ಷಿಯನ್ನು ಕೈಯಿಂದ ಮುಟ್ಟಿ ನೋಡಬಹುದು. ಡೆಟ್ರಾಯಿಟ್ ನಗರದ ಉತ್ತರದ ಅಂಚಿನಲ್ಲಿ, ಏಯ್ಟ್ ಮೈಲ್ ರಸ್ತೆಯ ಹತ್ತಿರ, ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆಯೊಂದಿದೆ. 1941ರಲ್ಲಿ ಒಬ್ಬ ಬಿಲ್ಡರ್ ಬಿಳಿಯರಿಗೆಂದು ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರ ಬಡಾವಣೆ ಇದೆ ಎಂದು ಸರ್ಕಾರ ವಿಮೆ ನಿರಾಕರಿಸಿತು. ನಡುವೆ ಗೋಡೆ ಎಬ್ಬಿಸುತ್ತೇನೆ ಎಂದ, ಮಂಜೂರಾಯಿತು. ಗೋಡೆ ಇವತ್ತಿಗೂ ಇದೆ. ಒಂದು ಭಾಗ ಮಕ್ಕಳ ಆಟದ ಮೈದಾನಕ್ಕೆ ಹೊಂದಿಕೊಂಡಿದೆ, ಅದರ ಮೇಲೆ ಊರಿನವರು ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ಉಳಿದ ಉದ್ದಕ್ಕೂ ಅದು ಮನೆಗಳ ಹಿತ್ತಿಲ ಕಾಂಪೌಂಡಿನ ಹಾಗೆ ಸುಮ್ಮನೆ ಸಾಗುತ್ತದೆ. ಗೊತ್ತಿಲ್ಲದವರು ಅದರ ಪಕ್ಕ ಕಾರು ನಿಲ್ಲಿಸಿ ಹೋಗುತ್ತಾರೆ.

ಈ ಊರಿಗೂ ನಮಗೂ ಒಂದು ನಂಟಿದೆ. ಡೆಟ್ರಾಯಿಟ್‌ನ ಸುತ್ತಲಿನ ಟ್ರಾಯ್, ನೋವೈ, ಫಾರ್ಮಿಂಗ್ಟನ್ ಹಿಲ್ಸ್, ಕ್ಯಾಂಟನ್‌ನಂಥ ಊರುಗಳಲ್ಲಿ ಕಾರು ಕಂಪನಿಗಳ ಎಂಜಿನಿಯರಿಂಗ್ ಮತ್ತು ಸಾಫ್ಟ್‌ವೇರ್ ಕೆಲಸಕ್ಕೆ ಬಂದ ಕನ್ನಡಿಗರಿದ್ದಾರೆ. ಪಂಪ ಕನ್ನಡ ಕೂಟ ಅಲ್ಲಿಯದೇ. ನಾನೂ ಆ ಊರುಗಳಲ್ಲೊಂದರಲ್ಲಿ ಕೆಲಸಕ್ಕಿದ್ದವನು. ಹೊಸದಾಗಿ ಬಂದವರಿಗೆ ಮೊದಲು ಸಿಗುವ ಬುದ್ಧಿಮಾತು, 'ಏಯ್ಟ್ ಮೈಲ್ ದಾಟಿ ಮನೆ ನೋಡಬೇಡಿ.' ಹೇಳುವವರಲ್ಲಿ ಕೆಟ್ಟ ಮನಸ್ಸಿರುವುದಿಲ್ಲ. ಒಳ್ಳೆಯ ಶಾಲೆ, ಒಳ್ಳೆಯ ಇಂಟರ್ನೆಟ್, ಮನೆಗೆ ಒಳ್ಳೆಯ ಬೆಲೆ ರಸ್ತೆಯ ಈಚೆಗೇ ಇವೆ ಅನ್ನುವುದು ಅವರ ಲೆಕ್ಕ. ನಮ್ಮಂಥವರಿಗೆ ಅಮೆರಿಕದ ಬಾಗಿಲು ತೆರೆದದ್ದು 1965ರ ವಲಸೆ ಕಾನೂನು. ನಮಗೆ ಬೇಕಾದ ಕಡೆ ಮನೆ ಕೊಡಲೇಬೇಕೆಂದದ್ದು 1968ರ ಫೇರ್ ಹೌಸಿಂಗ್ ಆ್ಯಕ್ಟ್. ಎರಡರ ಹಿಂದೆಯೂ ಕಪ್ಪು ಜನರ ಹೋರಾಟದ ಕಾಲದ ಒತ್ತಡವಿತ್ತು. ನಾವು ಬರುವ ಹೊತ್ತಿಗೆ ಗೆರೆ ಕಾನೂನಿನಿಂದ ಅಳಿಸಿತ್ತು, ನೆಲದ ಮೇಲೆ ಹಾಗೇ ಇತ್ತು. 1950ರಲ್ಲಿ ಹದಿನೆಂಟು ಲಕ್ಷ ದಾಟಿದ್ದ ಡೆಟ್ರಾಯಿಟ್‌ನ ಜನಸಂಖ್ಯೆ 2020ರ ಜನಗಣತಿಯಲ್ಲಿ 6,39,111ಕ್ಕೆ ಇಳಿದಿತ್ತು. ಮುಕ್ಕಾಲು ಪಾಲು ಕಪ್ಪು ಜನ. 2010ರ ದಶಕದ ನಡುವಿನಲ್ಲಿ ಅಲ್ಲಿನ ಸುಮಾರು 40% ಮನೆಗಳಿಗೆ ಇಂಟರ್ನೆಟ್ ಇಲ್ಲ ಎಂದು ಅಮೆರಿಕದ ದೂರಸಂಪರ್ಕ ಆಯೋಗ ಅಂದಾಜು ಮಾಡಿತ್ತು. ಮೋಟಾರು ನಗರ ಎಂದು ಹೆಸರಾದ ಊರು!

ಈಗ ತಂತಿಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಜನಾಂಗದ ಹೆಸರೆತ್ತದೆಯೇ ಜನಾಂಗಭೇದ ಹೇಗೆ ನಡೆಯುತ್ತದೆ ಅನ್ನುವುದು ಇಲ್ಲೇ ಚೆನ್ನಾಗಿ ಕಾಣುವುದು.

ಹಳೆಯ ಟೆಲಿಫೋನ್ ತಾಮ್ರದ ತಂತಿಯಲ್ಲೇ ಡಿಎಸ್‌ಎಲ್ ಇಂಟರ್ನೆಟ್ ಬರುತ್ತದೆ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ವೇಗ ಬೀಳುತ್ತದೆ. ಇದಕ್ಕೆ ಪರಿಹಾರ, ಬಡಾವಣೆಯ ಮೂಲೆಯ ಪೆಟ್ಟಿಗೆಯವರೆಗೆ ಫೈಬರ್ (ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನೆಳೆ) ತಂದು ಅಲ್ಲಿಂದ ಮನೆಗೆ ಮಾತ್ರ ತಾಮ್ರ ಉಳಿಸಿಕೊಳ್ಳುವುದು. ಪ್ರತಿ ಪೆಟ್ಟಿಗೆಗೂ ಖರ್ಚಿದೆ. ಕಂಪನಿಯವರು ಒಂದು ಹಾಳೆಯಲ್ಲಿ ಲೆಕ್ಕ ಹಾಕುತ್ತಾರೆ: ಈ ಪೆಟ್ಟಿಗೆಯಿಂದ ಎಷ್ಟು ಮನೆ, ಅದರಲ್ಲಿ ಎಷ್ಟು ಮನೆಯವರು ದುಬಾರಿ ಪ್ಲಾನ್ ತೆಗೆದುಕೊಂಡಾರು, ಎಷ್ಟು ಜನ ಬಿಲ್ಲು ಬಾಕಿ ಉಳಿಸಿಯಾರು, ಹಾಕಿದ ದುಡ್ಡು ಎಷ್ಟು ವರ್ಷಕ್ಕೆ ಬಂದೀತು. ಈ ಹಾಳೆಯಲ್ಲಿ ಯಾರ ಚರ್ಮದ ಬಣ್ಣವೂ ಇಲ್ಲ. ಆದರೆ ಅದರ ಒಂದೊಂದು ಅಂಕಿಯೂ ಆ ಹಳೆಯ ನಕಾಶೆಯ ಮಗ ಅಥವಾ ಮೊಮ್ಮಗ.

2017ರ ಮಾರ್ಚಿನಲ್ಲಿ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದ ಬಗ್ಗೆ ನ್ಯಾಷನಲ್ ಡಿಜಿಟಲ್ ಇನ್‌ಕ್ಲೂಷನ್ ಅಲಯನ್ಸ್ ಮತ್ತು ಅಲ್ಲಿಯ ಒಂದು ಸ್ಥಳೀಯ ಸಂಸ್ಥೆ ಸೇರಿ ವರದಿಯೊಂದನ್ನು ಪ್ರಕಟಿಸಿದವು. ಬಳಸಿದ್ದು ಗುಟ್ಟಿನ ದಾಖಲೆಯನ್ನಲ್ಲ, ಎಟಿ ಅಂಡ್ ಟಿ ಎಂಬ ದೊಡ್ಡ ಟೆಲಿಫೋನ್ ಕಂಪನಿ ತಾನೇ ದೂರಸಂಪರ್ಕ ಆಯೋಗಕ್ಕೆ ಸಲ್ಲಿಸಿದ್ದ ಅಂಕಿಗಳನ್ನು. ಅದನ್ನು ನಕಾಶೆಯ ಮೇಲೆ ಹರಡಿದಾಗ ಕಂಡದ್ದಿಷ್ಟು: ಉಪನಗರಗಳಿಗೆ ಫೈಬರ್ ಪೆಟ್ಟಿಗೆಗಳು ಬಂದಿವೆ, ಬಡತನ ಹೆಚ್ಚಿರುವ ನಗರದ ಬಡಾವಣೆಗಳ ಬಹುಭಾಗದಲ್ಲಿ ಹಳೆಯ ತಾಮ್ರವೇ. ಅಲ್ಲಿ ಗರಿಷ್ಠ ವೇಗ 3 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಅಥವಾ ಅದಕ್ಕೂ ಕಡಿಮೆ. ಬ್ರಾಡ್‌ಬ್ಯಾಂಡ್ ಅನ್ನಿಸಿಕೊಳ್ಳಲು ಕನಿಷ್ಠ 25 ಬೇಕು ಎಂದು ಆಯೋಗವೇ 2015ರಲ್ಲಿ ಹೇಳಿತ್ತು. ವರದಿ ಇದನ್ನು 'ಡಿಜಿಟಲ್ ರೆಡ್‌ಲೈನಿಂಗ್' ಎಂದು ಕರೆಯಿತು. ಕಂಪನಿ ಆರೋಪವನ್ನು ಅಲ್ಲಗಳೆಯಿತು.

ಇದಕ್ಕೂ ಮೊದಲು ನಡೆದದ್ದು ಇನ್ನೂ ವಿಚಿತ್ರ. 2015ರಲ್ಲಿ ಡೈರೆಕ್‌ಟಿವಿ ಎಂಬ ಉಪಗ್ರಹ ಟಿವಿ ಕಂಪನಿಯನ್ನು ಕೊಳ್ಳಲು ಅನುಮತಿ ಪಡೆಯುವಾಗ, ಆಹಾರ ನೆರವು ಪಡೆಯುವ ಕುಟುಂಬಗಳಿಗೆ ತಿಂಗಳಿಗೆ 5 ಅಥವಾ 10 ಡಾಲರಿಗೆ ಇಂಟರ್ನೆಟ್ ಕೊಡುವುದಾಗಿ ಇದೇ ಕಂಪನಿ ಒಪ್ಪಿಕೊಂಡಿತ್ತು. ಯೋಜನೆ ಶುರುವಾದಾಗ ನಿಯಮದಲ್ಲೊಂದು ಕೊಂಡಿ: ಆ ವಿಳಾಸದಲ್ಲಿ ಕನಿಷ್ಠ 3 ಎಂಬಿಪಿಎಸ್ ಸಿಗುತ್ತಿರಬೇಕು. ಕ್ಲೀವ್‌ಲ್ಯಾಂಡ್, ಡೆಟ್ರಾಯಿಟ್‌ಗಳ ಎಷ್ಟೋ ಬಡ ಮನೆಗಳಲ್ಲಿ ಸಿಗುತ್ತಿದ್ದದ್ದು 1.5. ಅಂದರೆ, ನಿಮ್ಮ ಬೀದಿಗೆ ನಾವು ಒಳ್ಳೆಯ ತಂತಿ ಹಾಕಿಲ್ಲ, ಆದ್ದರಿಂದ ನಿಮಗೆ ರಿಯಾಯಿತಿ ಇಲ್ಲ, ಪೂರ್ತಿ ದರ ಕಟ್ಟಿ! 2016ರಲ್ಲಿ ಗಲಾಟೆಯಾದ ಮೇಲೆ ಕಂಪನಿ ಆ ನಿಯಮ ಸಡಿಲಿಸಿತು.

ಕ್ಲೀವ್‌ಲ್ಯಾಂಡ್ ಒಂದರದೇ ಕಥೆಯಾಗಿದ್ದರೆ ಬಿಡಬಹುದಿತ್ತು. 2022ರ ಅಕ್ಟೋಬರಿನಲ್ಲಿ 'ದ ಮಾರ್ಕಪ್' ಎಂಬ ಸುದ್ದಿಸಂಸ್ಥೆಯ ಪತ್ರಕರ್ತರು 38 ನಗರಗಳಲ್ಲಿ ಒಂದೊಂದೇ ವಿಳಾಸ ಹಾಕಿ, ಎಟಿ ಅಂಡ್ ಟಿ, ವೆರೈಝಾನ್, ಸೆಂಚುರಿಲಿಂಕ್, ಅರ್ಥ್‌ಲಿಂಕ್ ಕಂಪನಿಗಳು ಏನು ಕೊಡುತ್ತವೆ ಎಂದು 8 ಲಕ್ಷಕ್ಕೂ ಹೆಚ್ಚು ಆಫರುಗಳನ್ನು ಕಲೆಹಾಕಿದರು. ಒಂದೇ ಊರು, ಒಂದೇ ಕಂಪನಿ, ಒಂದೇ ಮಾಸಿಕ ದರ. ಒಂದು ಬಡಾವಣೆಗೆ 200 ಎಂಬಿಪಿಎಸ್‌ಗೂ ಮೇಲೆ, ಇನ್ನೊಂದಕ್ಕೆ 25ಕ್ಕೂ ಕೆಳಗೆ. ಕೆಟ್ಟ ಆಫರ್ ಯಾರ ಪಾಲಿಗೆ ಹೆಚ್ಚಾಗಿ ಬಿದ್ದಿತ್ತು ಎಂದು ನೋಡಿದರೆ ಬಡವರು, ಬಿಳಿಯರಲ್ಲದವರು, 1930ರ ದಶಕದ ನಕಾಶೆಯಲ್ಲಿ ಕೆಂಪಾಗಿದ್ದ ಜಾಗಗಳು. ಬಡವರಿಗೆ ಕಡಿಮೆ ದುಡ್ಡಿಗೆ ಕಡಿಮೆ ಮಾಲು ಸಿಗುವುದು ನಮಗೆ ಗೊತ್ತಿರುವ ಲೋಕ. ಇಲ್ಲಿ ಅಷ್ಟೇ ದುಡ್ಡು ಎಣಿಸಿ ಕಳಪೆ ಮಾಲು ತೆಗೆದುಕೊಳ್ಳುತ್ತಿದ್ದರು, ಅದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ. ಪಕ್ಕದ ಬಡಾವಣೆಯ ಬಿಲ್ಲನ್ನು ಯಾರು ನೋಡುತ್ತಾರೆ?

'ಹೋಗಲಿ, ಎಲ್ಲರ ಕೈಯಲ್ಲೂ ಫೋನ್ ಇದೆಯಲ್ಲ' ಎಂದು ಕೇಳುವವರಿದ್ದಾರೆ. ಇದೆ. ಪ್ಯೂ ಎಂಬ ಸಂಶೋಧನಾ ಸಂಸ್ಥೆಯ 2021ರ ಸಮೀಕ್ಷೆಯ ಪ್ರಕಾರ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದದ್ದು ಬಿಳಿಯರಲ್ಲಿ 80%, ಕಪ್ಪು ಜನರಲ್ಲಿ 71%, ಹಿಸ್ಪಾನಿಕರಲ್ಲಿ 65%. ಮನೆಗೆ ಬ್ರಾಡ್‌ಬ್ಯಾಂಡ್ ಇಲ್ಲದೆ ಸ್ಮಾರ್ಟ್‌ಫೋನಿನಲ್ಲೇ ಕಾಲ ಹಾಕುವವರು ಬಿಳಿಯರಲ್ಲಿ 12%, ಕಪ್ಪು ಜನರಲ್ಲಿ 17%, ಹಿಸ್ಪಾನಿಕರಲ್ಲಿ 25%. ಫೋನಿನಲ್ಲೇ ಎಲ್ಲವೂ ಆಗುತ್ತದೆ ಅನ್ನುವವರು ಡೆಟ್ರಾಯಿಟ್‌ನ ಯಾವುದಾದರೂ ಸಾರ್ವಜನಿಕ ಗ್ರಂಥಾಲಯದಲ್ಲಿ ಒಂದು ಮಧ್ಯಾಹ್ನ ಕೂರಬೇಕು. ನೀವು ಗ್ರಂಥಾಲಯದ ಕೆಲಸಕ್ಕೆ ಹೋಗುವವರಾದ್ದರಿಂದ ನಾನು ಕಂಡದ್ದನ್ನು ಹೇಳುತ್ತೇನೆ.

ಕಂಪ್ಯೂಟರ್ ಸಾಲಿನಲ್ಲಿ ಐವತ್ತರ ಆಸುಪಾಸಿನ ಒಬ್ಬಾತ, ಮೈಮೇಲೆ ಇನ್ನೂ ಕೆಲಸದ ಜಾಕೆಟ್ಟು. ಗೋದಾಮಿನ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದ. ಅರ್ಜಿ ಕಾಗದದಲ್ಲಿ ಸಿಗುವ ಕಾಲ ಮುಗಿದಿದೆ. ಪುಟದ ಮೇಲೆ ಪುಟ: ಹಿಂದಿನ ಕೆಲಸಗಳ ತಾರೀಖು, ಮೇಲಧಿಕಾರಿಯ ನಂಬರು, ಆಮೇಲೆ ಸ್ವಭಾವ ಪರೀಕ್ಷೆಯ ಪ್ರಶ್ನೆಗಳ ಸರಮಾಲೆ. ಪರದೆಯ ಮೂಲೆಯಲ್ಲಿ ಉಳಿದ ನಿಮಿಷಗಳು ಇಳಿಯುತ್ತಿವೆ. ಮನೆಯಿಂದ ಫೋನಿನಲ್ಲಿ ಹೆಬ್ಬೆರಳಿನಿಂದಲೇ ರೆಸ್ಯೂಮೆ ಟೈಪ್ ಮಾಡಿ ತನಗೆ ತಾನೇ ಮೇಲ್ ಮಾಡಿಕೊಂಡಿದ್ದ, ಅದನ್ನು ಅಪ್‌ಲೋಡ್ ಮಾಡಬೇಕು. ಮೇಲ್ ತೆರೆಯಲು ಹೋದರೆ ಹೊಸ ಕಂಪ್ಯೂಟರ್ ಎಂದು ಫೋನಿಗೆ ಕೋಡ್ ಕಳಿಸುತ್ತೇನೆ ಅಂತು. ಆ ತಿಂಗಳ ಪ್ರೀಪೇಯ್ಡ್ ಮುಗಿದಿತ್ತು, ಕೋಡ್ ಬರಲಿಲ್ಲ. ಕೌಂಟರಿನಾಕೆ ಬಂದು ಇನ್ನೊಂದಷ್ಟು ಹೊತ್ತು ಕೊಟ್ಟಳು, ಕಾಯುತ್ತಿದ್ದವರು ಗೊಣಗಿಕೊಂಡರು. ಅವಳು ತನ್ನ ಪಕ್ಕದಲ್ಲೇ ಕೂರಿಸಿಕೊಂಡು ಇಡೀ ರೆಸ್ಯೂಮೆಯನ್ನು ಅವನು ಫೋನಿನಿಂದ ಓದಿದ ಹಾಗೇ ಮತ್ತೆ ಟೈಪ್ ಮಾಡಿಕೊಟ್ಟಳು. ಅವಳ ಕೆಲಸದ ಪಟ್ಟಿಯಲ್ಲಿ ಇದು ಇತ್ತೋ ಇಲ್ಲವೋ. ಬಡ ಬಡಾವಣೆಯ ಲೈಬ್ರೇರಿಯನ್ ಮಾಡುವ ಕೆಲಸದ ಅರ್ಧಕ್ಕೆ ಹೆಸರೇ ಇಲ್ಲ.

ಮಕ್ಕಳ ವಿಷಯ ಎಲ್ಲರಿಗೂ ಗೊತ್ತಾದದ್ದು ಕೋವಿಡ್ ಕಾಲದಲ್ಲಿ. 2020ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದ ಸಲಿನಾಸ್‌ನಲ್ಲಿ ಇಬ್ಬರು ಲ್ಯಾಟಿನೊ ಹುಡುಗಿಯರು ಟಾಕೊ ಬೆಲ್ ಹೋಟೆಲಿನ ಹೊರಗೆ ನೆಲದ ಮೇಲೆ ಕೂತು, ಅದರ ವೈಫೈಯಲ್ಲಿ ಪಾಠ ಕೇಳುತ್ತಿದ್ದ ಫೋಟೊ ದೇಶವೆಲ್ಲ ಹರಿದಾಡಿತು. ಸಿಲಿಕಾನ್ ವ್ಯಾಲಿಯಿಂದ ಕಾರಿನಲ್ಲಿ ಒಂದೆರಡು ಗಂಟೆಯೊಳಗಿನ ದಾರಿ. ಶಿಕಾಗೊದಲ್ಲಿ ಐದರಲ್ಲೊಂದು ಮಗುವಿನ ಮನೆಗೆ ಬ್ರಾಡ್‌ಬ್ಯಾಂಡ್ ಇರಲಿಲ್ಲ, ಕೊರತೆ ಹೆಚ್ಚಿದ್ದದ್ದು ಕಪ್ಪು ಮತ್ತು ಲ್ಯಾಟಿನೊ ಜನರ ದಕ್ಷಿಣ, ಪಶ್ಚಿಮ ಭಾಗಗಳಲ್ಲಿ. ನಗರ 5 ಕೋಟಿ ಡಾಲರಿನ ಯೋಜನೆ ಮಾಡಿ ಒಂದು ಲಕ್ಷ ವಿದ್ಯಾರ್ಥಿಗಳಿಗೆ ನಾಲ್ಕು ವರ್ಷದ ಮಟ್ಟಿಗೆ ಉಚಿತ ಇಂಟರ್ನೆಟ್ ಕೊಡಲು ಹೊರಟಿತು.

ಟೆನೆಸ್ಸಿ ರಾಜ್ಯದ ಚಟ್ಟನೂಗ ನಗರದಲ್ಲಿ ಅದೇ ಬೇಸಿಗೆ ಸುಮಾರು 28,000 ಬಡ ವಿದ್ಯಾರ್ಥಿಗಳಿಗೆ ಹತ್ತು ವರ್ಷದ ಉಚಿತ ಇಂಟರ್ನೆಟ್ ಘೋಷಣೆಯಾಯಿತು. ಅಷ್ಟು ಬೇಗ ಹೇಗಾಯಿತು? ಅಲ್ಲಿಯ ವಿದ್ಯುತ್ ಕಂಪನಿ ಇಪಿಬಿ ನಗರದ್ದೇ. ಅದು ಕರೆಂಟು ಗ್ರಿಡ್ ಸುಧಾರಿಸಲು 2010ರ ಹೊತ್ತಿಗೆ ತನ್ನ ವ್ಯಾಪ್ತಿಯ ಎಲ್ಲ ಮನೆಗಳ ಮುಂದೆಯೂ ಫೈಬರ್ ಎಳೆದಿತ್ತು. ಕರೆಂಟು ಕೊಡುವವನು ಬಡಾವಣೆ ಆರಿಸುವ ಹಾಗಿಲ್ಲ, ಹಾಗಾಗಿ ಫೈಬರೂ ಆರಿಸಲಿಲ್ಲ. ತಂತಿ ಮನೆ ಮುಂದೆ ಮೊದಲೇ ಇತ್ತು, ಬಾಕ್ಸ್ ಇಟ್ಟು ಸಿಕ್ಕಿಸಿದರೆ ಮುಗಿಯಿತು. ಇಷ್ಟು ಚೆನ್ನಾಗಿ ನಡೆದದ್ದನ್ನು ಅಕ್ಕಪಕ್ಕಕ್ಕೂ ಹಬ್ಬಿಸಬಹುದಿತ್ತಲ್ಲ ಅಂದರೆ, ತನ್ನ ವಿದ್ಯುತ್ ವ್ಯಾಪ್ತಿ ದಾಟಿ ಸೇವೆ ಕೊಡದಂತೆ ರಾಜ್ಯದ ಕಾನೂನು ಅದರ ಕೈ ಕಟ್ಟಿದೆ.

ಡೆಟ್ರಾಯಿಟ್‌ನಲ್ಲಿ ಕೈ ಕಟ್ಟಿ ಕೂರದವರೂ ಇದ್ದಾರೆ. ಐಲ್ಯಾಂಡ್‌ವ್ಯೂ, ನಾರ್ತ್ ಎಂಡ್, ಸೌತ್‌ವೆಸ್ಟ್ ಭಾಗಗಳಲ್ಲಿ ಡೆಟ್ರಾಯಿಟ್ ಕಮ್ಯೂನಿಟಿ ಟೆಕ್ನಾಲಜಿ ಪ್ರಾಜೆಕ್ಟ್‌ನವರು ಸ್ಥಳೀಯರಿಗೇ ತರಬೇತಿ ಕೊಟ್ಟು, ಚರ್ಚಿನ ಮತ್ತು ಮನೆಗಳ ಚಾವಣಿ ಮೇಲೆ ಆಂಟೆನಾ ಕೂರಿಸಿ, ನಿಸ್ತಂತು ಜಾಲ ಕಟ್ಟಿದ್ದಾರೆ. ಏಣಿ ಹತ್ತುವವರು ಅದೇ ಬೀದಿಯವರು. ಇದನ್ನು ನಾನು ಮೆಚ್ಚುತ್ತೇನೆ, ಆದರೆ ಪರಿಹಾರ ಅನ್ನಲಾರೆ. ಉಪನಗರದ ಯಾರೂ ಇಂಟರ್ನೆಟ್‌ಗಾಗಿ ಏಣಿ ಹತ್ತಬೇಕಾಗಿಲ್ಲ.

ದೊಡ್ಡ ಮಟ್ಟದಲ್ಲಿ ನಡೆದ ಒಂದು ಪ್ರಯತ್ನವನ್ನೂ ಹೇಳಬೇಕು. 2021ರ ಮೂಲಸೌಕರ್ಯ ಕಾನೂನಿನಲ್ಲಿ ಕಾಂಗ್ರೆಸ್ (ಅಮೆರಿಕದ ಸಂಸತ್ತು) ಇಟ್ಟ 1,420 ಕೋಟಿ ಡಾಲರಿನಿಂದ ಬಡ ಕುಟುಂಬಗಳ ಇಂಟರ್ನೆಟ್ ಬಿಲ್ಲಿಗೆ ತಿಂಗಳಿಗೆ 30 ಡಾಲರ್ ನೆರವು ಸಿಗತೊಡಗಿತು. 2.3 ಕೋಟಿ ಮನೆಗಳು ಸೇರಿಕೊಂಡವು. ದುಡ್ಡು ಖಾಲಿಯಾಗುತ್ತಾ ಬಂದಂತೆ 2024ರ ಫೆಬ್ರವರಿಯಲ್ಲಿ ಹೊಸ ಅರ್ಜಿ ನಿಲ್ಲಿಸಿದರು, ಕಾಂಗ್ರೆಸ್ ಮತ್ತೆ ಹಣ ಹಾಕಲಿಲ್ಲ, ಜೂನ್ 1ಕ್ಕೆ ಬಾಗಿಲು ಮುಚ್ಚಿತು. ಅದೇ ಕಾನೂನಿನ ಬಲದಿಂದ 2023ರ ನವೆಂಬರಿನಲ್ಲಿ ದೂರಸಂಪರ್ಕ ಆಯೋಗ 3–2 ಮತಗಳಿಂದ ಒಂದು ನಿಯಮ ಮಾಡಿತ್ತು: ಉದ್ದೇಶ ಇಲ್ಲದಿದ್ದರೂ, ಪರಿಣಾಮದಲ್ಲಿ ಒಂದು ಜನಾಂಗಕ್ಕೋ ಬಡವರಿಗೋ ಸೇವೆ ತಪ್ಪಿದರೆ ಅದೂ ತಾರತಮ್ಯವೇ. ನಾನು ಹೇಳಿದ ಆ ಲೆಕ್ಕದ ಹಾಳೆಗೆ ನೇರವಾಗಿ ಬೀಳುವ ನಿಯಮ. ಉದ್ಯಮದವರು ಕೋರ್ಟಿಗೆ ಹೋದರು. ಇನ್ನು ಜನರಿಗೆ ಕಂಪ್ಯೂಟರ್ ಕಲಿಸಲು, ಸಾಧನ ಕೊಡಿಸಲು ಇಟ್ಟಿದ್ದ ಡಿಜಿಟಲ್ ಈಕ್ವಿಟಿ ಹಣವನ್ನು ಅಧ್ಯಕ್ಷ ಟ್ರಂಪ್ 2025ರ ಮೇನಲ್ಲಿ, ಅದು ಜನಾಂಗಭೇದದ ಯೋಜನೆ ಎಂದು ಹೇಳಿ ನಿಲ್ಲಿಸಿದರು. 1930ರ ದಶಕದಲ್ಲಿ ಅರ್ಜಿಯಲ್ಲಿ ಜನಾಂಗದ ಕಾಲಂ ಇಟ್ಟು ಗೆರೆ ಎಳೆದದ್ದು ಇದೇ ಅಮೆರಿಕದ ಸರ್ಕಾರ. ಗೆರೆ ಅಳಿಸಲು ಹೊರಟ ಕಾನೂನಿನಲ್ಲಿ ಜನಾಂಗದ ಹೆಸರಿದ್ದದ್ದು ಅಪರಾಧವಾಯಿತು.

ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: "ಸರ್, ನೆರವು ಕೊಡೋದು, ನಿಲ್ಲಿಸೋದು ಯಾಕೆ? ಬಡವರಿಗೆ ಇಷ್ಟೇ ದರ ಅಂತ ಕಾನೂನೇ ಮಾಡಬಾರದಾ?"

ನ್ಯೂಯಾರ್ಕ್ ರಾಜ್ಯ ಅದನ್ನೇ ಮಾಡಿದೆ. 2021ರ ಅಲ್ಲಿನ ಕಾನೂನಿನ ಪ್ರಕಾರ ಕಡಿಮೆ ಆದಾಯದ ಮನೆಗಳಿಗೆ ತಿಂಗಳಿಗೆ 15 ಡಾಲರಿಗೆ 25 ಎಂಬಿಪಿಎಸ್, ಅಥವಾ 20 ಡಾಲರಿಗೆ 200 ಎಂಬಿಪಿಎಸ್ ಕೊಡಲೇಬೇಕು. ಉದ್ಯಮದ ಸಂಘಗಳು ಸುಪ್ರೀಂ ಕೋರ್ಟ್‌ವರೆಗೆ ಹೋದವು, ಕೋರ್ಟ್ 2024ರ ಡಿಸೆಂಬರಿನಲ್ಲಿ ಕೇಸನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. 2025ರ ಜನವರಿ 15ರಿಂದ ಕಾನೂನು ಜಾರಿಯಲ್ಲಿದೆ. ಎಟಿ ಅಂಡ್ ಟಿ ಆ ರಾಜ್ಯದಲ್ಲಿ ತನ್ನ ನಿಸ್ತಂತು ಮನೆ ಇಂಟರ್ನೆಟ್ ಮಾರುವುದನ್ನು ನಿಲ್ಲಿಸಿತು. ನಿಸ್ತಂತು ಸೇವೆಯಾದ್ದರಿಂದ ಎದ್ದು ಹೋಗುವುದು ಸುಲಭವಿತ್ತು. ನ್ಯೂಯಾರ್ಕಿನ ಬೀದಿಗಳ ಅಡಿಯಲ್ಲಿ ಕೇಬಲ್ ಹೂತಿರುವ ಕಂಪನಿಗಳಿಗೆ ಆ ಅನುಕೂಲ ಇರಲಿಲ್ಲ, ಅವು ಉಳಿದುಕೊಂಡಿವೆ.